ಮೊದಲು ಕಟ್ಟಿದ್ದು ದನದ ಮನೆ

ಗೋದಲಿಯ ಕಲ್ಲಿಗೆ ಕೈ ಹಚ್ಚಿದರೆ ಮೊದಲು ಗೊತ್ತಾಗುವುದು ಅದರ ನುಣುಪು. ಕಲ್ಲಿನ ಮೈಯೆಲ್ಲ ಉಳಿಯ ಏಟಿನಿಂದ ಇನ್ನೂ ಒರಟಾಗಿದೆ. ಅಂಚಿನಲ್ಲಿ ಮಾತ್ರ ಐದು ಕಡೆ ತಗ್ಗು ಬಿದ್ದಿದೆ, ಬೆಣ್ಣೆ ಸವರಿದ ಹಾಗೆ. ದನಗಳು ಮೇವಿಗೆ ಕತ್ತು ಚಾಚಿ ಚಾಚಿ, ವರ್ಷಗಟ್ಟಲೆ ಉಜ್ಜಿ ಉಜ್ಜಿ ಆದ ತಗ್ಗು. ನಾಲ್ಕು ತಗ್ಗು ಹೆಚ್ಚುಕಮ್ಮಿ ಒಂದೇ ಆಳ. ಐದನೆಯದು ಆಳ ಕಡಿಮೆ, ಅಲ್ಲಿ ಗೋದಲಿಯ ಎತ್ತರವೂ ಒಂದು ಗೇಣು ಕಡಿಮೆ. ಅದು ಕರುವಿನ ಜಾಗ.

ಕಳೆದ ಬೇಸಿಗೆಯಲ್ಲಿ ಆ ಗೋದಲಿಯ ಮುಂದೆ ಮೊಳಕಾಲೂರಿ ಕೂತು ಅಳತೆ ತೆಗೆದಿದ್ದೆ. ದನ ಅಲ್ಲಿಂದ ಹೋಗಿ ಎಷ್ಟೋ ವರ್ಷವಾಗಿತ್ತು. ಆದರೂ ನೆಲಕ್ಕೆ ನೀರು ಬಿದ್ದರೆ ಸಾಕು, ಸಗಣಿ ಗಂಜಲದ ವಾಸನೆ ಎದ್ದು ಬರುತ್ತಿತ್ತು. ಈಗ ಆ ಜಾಗದಲ್ಲಿ ಕಾಂಕ್ರೀಟ್ ಕಂಬಗಳು ಎದ್ದಿವೆ. ಅದಕ್ಕೇ ಮರೆಯುವ ಮೊದಲು ಬರೆದಿಡುತ್ತಿದ್ದೇನೆ.

ಜಾಗ ಧಾರವಾಡದ ಹಳೇ ಊರು. ಹೆಬ್ಬಳ್ಳಿ ಅಗಸಿಯಿಂದ ಸ್ವಲ್ಪ ಒಳಗೆ. ಅಗಸಿ ಅಂದರೆ ಊರ ಬಾಗಿಲು. ಬಾಗಿಲು ಹೋಗಿದೆ, ಹೆಸರು ಉಳಿದಿದೆ. ಆಟೋದವರು ದಿನಕ್ಕೆ ನೂರು ಸಲ ಆ ಹೆಸರು ಹೇಳುತ್ತಾರೆ. ಅಲ್ಲೊಂದು ವಾಡೆ ಇತ್ತು, ಅಂದರೆ ಹಳೇ ಕಾಲದ ದೊಡ್ಡ ಮನೆ. ಮನೆಯವರ ಲೆಕ್ಕದಲ್ಲಿ ಆರು ತಲೆಮಾರಿನದು. ಅಣ್ಣ ತಮ್ಮಂದಿರ ಪಾಲು ಆಗಿ, ಜಾಗ ಮಾರಿ, ಅಂಗಡಿ ಕಾಂಪ್ಲೆಕ್ಸ್ ಕಟ್ಟುವುದೆಂದು ತೀರ್ಮಾನವಾಗಿತ್ತು. ಅವರ ಮೇಲೆ ನನಗೆ ಸಿಟ್ಟಿಲ್ಲ. ಮಳೆಗಾಲದಲ್ಲಿ ಸೋರುವ ಮಾಳಿಗೆ ಮನೆಯನ್ನು ಉಳಿಸಿಕೊಳ್ಳುವುದು ಎಷ್ಟು ಕಷ್ಟ ಅಂತ ಅದರಲ್ಲಿ ಬಾಳಿದವರಿಗೇ ಗೊತ್ತು. ಕೆಡಹುವ ಮೊದಲು ಒಮ್ಮೆ ಅಳತೆ ತೆಗೆದುಕೊಳ್ಳುತ್ತೇವೆ ಅಂತ ಕೇಳಿದೆವು. ಹನ್ನೊಂದು ದಿನ ಕೊಟ್ಟರು. ದೊಡ್ಡ ಮನಸ್ಸು.

ನಾವು ನಾಲ್ಕು ಜನ. ನಾನು ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಪ್ರಾಚೀನ ಇತಿಹಾಸ ಓದಿದವನು, ಹೊಟ್ಟೆಪಾಡಿಗೆ ಬೇರೆ ಕೆಲಸ ಮಾಡುತ್ತೇನೆ. ಒಬ್ಬ ಗೆಳೆಯ ನಕ್ಷೆ ಬರೆಯುವವನು, ಇನ್ನೊಬ್ಬಳು ಫೋಟೋ ತೆಗೆಯುವವಳು, ಜೊತೆಗೆ ಆರ್ಕಿಟೆಕ್ಚರ್ ಓದುವ ಒಬ್ಬ ಹುಡುಗ. ಕೈಯಲ್ಲಿ ಟೇಪು, ತೂಗುಗುಂಡು, ಗ್ರಾಫ್ ಹಾಳೆ, ಸೀಮೆಸುಣ್ಣ, ಟಾರ್ಚು. ಅಗೆಯುವ ಅನುಮತಿ ನಮಗಿರಲಿಲ್ಲ, ಒಂದು ಗುದ್ದಲಿ ಮಣ್ಣನ್ನೂ ನಾವು ಅಗೆಯಲಿಲ್ಲ. ಉತ್ಖನನ ಅಂದರೆ ಅದಕ್ಕೆ ಪರವಾನಗಿ ಬೇಕು, ತರಬೇತಿ ಬೇಕು. ಸುಮ್ನೆ ಆಸೆಗೆ ಮಣ್ಣು ಕೆದಕುವುದು ಒಂದೇ ಪ್ರತಿ ಇರುವ ಪುಸ್ತಕದ ಹಾಳೆ ಹರಿದ ಹಾಗೆ. ನಾವು ಮಾಡಿದ್ದು ಇಷ್ಟೇ: ನಿಂತ ಗೋಡೆಗಳನ್ನು ಓದಿದೆವು. ಆಮೇಲೆ ಜೆಸಿಬಿ ಅಗೆದ ಗುಂಡಿಗಳ ಅಂಚಿನಲ್ಲಿ ನಿಂತು ನೋಡಿದೆವು.

ನಾವು ಹೋಗುವಷ್ಟರಲ್ಲಿ ವಾಡೆಯ ಮುಂಭಾಗದ ಅರ್ಧ ಹೋಗಿತ್ತು. ಕೆತ್ತನೆಯ ದೊಡ್ಡ ಬಾಗಿಲು, ಪಡಸಾಲೆಯ ಸಾಗವಾನಿ ಕಂಬ ಎಲ್ಲ ಮಾರಾಟವಾಗಿದ್ದವು. ದನದ ಮನೆಯ ಬಾಗಿಲ ಚೌಕಟ್ಟನ್ನೂ ಬಿಟ್ಟಿರಲಿಲ್ಲ. ಅದನ್ನು ಕೀಳುವಾಗ ಮೇಲಿನ ಗೋಡೆಯೂ ಕುಸಿದು, ಬಾಗಿಲಿದ್ದ ಕಡೆ ಮಾಳಿಗೆವರೆಗೆ ಒಂದು ಬಿರುಕು ಬಾಯಿ ಬಿಟ್ಟಿತ್ತು. ಹಾಗಾಗಿ ನಮ್ಮ ನಕ್ಷೆಯಲ್ಲಿ ಆ ಬಾಗಿಲಿನ ಅಗಲ ಇದೆ, ಎತ್ತರದ ಜಾಗದಲ್ಲಿ ಚುಕ್ಕೆ ಗೆರೆ ಎಳೆದು ಪ್ರಶ್ನೆ ಚಿಹ್ನೆ ಹಾಕಿದ್ದೆವು.

ಮನೆಯ ಹಿರಿಯರೊಬ್ಬರು ನಮ್ಮನ್ನು ಮುಂದಿನ ಅಂಗಳದಲ್ಲೇ ನಿಲ್ಲಿಸಿ ಹೇಳಿದರು, "ನೋಡೂದಾದ್ರ ಇದನ್ನ ನೋಡ್ರಿ. ಹಿಂದೇನೈತಿ? ದನದ ಮನಿ, ಬಚ್ಚಲಾ, ಹೊಟ್ಟಿನ ಕೋಣಿ. ಅವು ನಮ್ಮ ಅಜ್ಜಾರ ಕಾಲಕ್ಕ ಆಮ್ಯಾಲೆ ಕಟ್ಟಿಸಿದ್ದು."

ನಾವೂ ಹಾಗೇ ನಂಬಿ ಹಿತ್ತಲನ್ನು ಕೊನೆಗೆ ಇಟ್ಟುಕೊಂಡಿದ್ದೆವು. ನಾಲ್ಕನೇ ದಿನ ಗೋಡೆ ಬೇರೆ ಮಾತು ಹೇಳಿತು.

ವಾಡೆಯ ಹಿಂದಿನ ಗೋಡೆ ಬಂದು ದನದ ಮನೆಯ ಗೋಡೆಗೆ ಸೇರುವ ಮೂಲೆ ಇದೆಯಲ್ಲ, ಅಲ್ಲಿ ಹುಡುಗ ಟಾರ್ಚು ಹಿಡಿದು ನಿಂತಿದ್ದ. ಎರಡು ಗೋಡೆಗಳನ್ನು ಒಂದೇ ಸಲ ಕಟ್ಟಿದರೆ ಮೂಲೆಯಲ್ಲಿ ಕಲ್ಲು ಒಂದಕ್ಕೊಂದು ಕಚ್ಚಿಕೊಂಡಿರುತ್ತವೆ. ಒಂದು ಸಾಲು ಈ ಗೋಡೆಯ ಕಲ್ಲು ಒಳಗೆ ಹೋದರೆ, ಮುಂದಿನ ಸಾಲು ಆ ಗೋಡೆಯ ಕಲ್ಲು. ಹೆಣೆದ ಬೆರಳುಗಳ ಹಾಗೆ. ಇಲ್ಲಿ ಹಾಗಿರಲಿಲ್ಲ. ನೆಲದಿಂದ ಮಾಳಿಗೆವರೆಗೆ ನೆಟ್ಟಗೆ ಒಂದು ಬಿರುಕು. ಅಂದರೆ ಒಂದು ಮೊದಲು, ಇನ್ನೊಂದು ಆಮೇಲೆ. ಯಾವುದು ಮೊದಲು?

ಮೂಲೆಯಲ್ಲಿ ಒಂದು ಕಲ್ಲು ಸಡಿಲವಾಗಿತ್ತು, ವಾಡೆಯ ಗೋಡೆಯದು. ಮನೆಯವರನ್ನು ಕೇಳಿ ಅದನ್ನು ಮೆಲ್ಲಗೆ ಹೊರಗೆ ತೆಗೆದೆವು. ಹಿಂದೆ ದನದ ಮನೆಯ ಗೋಡೆ ಕಂಡಿತು. ಅದಕ್ಕೆ ಸುಣ್ಣದ ಗಾರೆ ಇತ್ತು! ನಯವಾಗಿ ಎಳೆದ ಗಾರೆ, ಅದರ ಮೇಲೆ ಸುಣ್ಣ ಬಳಿದ ಪದರು, ಅದರ ಮೇಲೆ ಇನ್ನೊಂದು, ಮತ್ತೊಂದು. ಒಳಗೆ ಮುಚ್ಚಿಹೋಗುವ ಗೋಡೆಗೆ ಯಾರೂ ಗಾರೆ ಹಾಕಿ ಸುಣ್ಣ ಬಳಿಯುವುದಿಲ್ಲ ಅಲ್ವಾ? ಅಂದರೆ ಆ ಗೋಡೆ ಒಂದು ಕಾಲಕ್ಕೆ ಬಯಲಿಗೆ ಮುಖ ಮಾಡಿ ನಿಂತಿತ್ತು. ಅದರ ಮುಂದೆ ವಾಡೆ ಇರಲಿಲ್ಲ. ಹುಡುಗ ಪದರು ಎಣಿಸಿದ. ಏಳು. ಹಬ್ಬಕ್ಕೊಮ್ಮೆ ಸುಣ್ಣ ಬಳಿದರು ಅಂದುಕೊಂಡರೂ ಏಳು ಹಬ್ಬ ದಾಟಿದ ಮೇಲೆ ವಾಡೆ ಬಂದು ಈ ಗೋಡೆಗೆ ಒರಗಿತು.

ಹಿರಿಯರನ್ನು ಕರೆದು ತೋರಿಸಿದೆವು. ಅವರು ಬೆರಳಿನಿಂದ ಸುಣ್ಣ ಸವರಿ ನೋಡಿದರು. ತುಂಬಾ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ, "ಹಂಗಾರ ನಮ್ಮ ಮಂದಿ ಮೊದ್ಲ ದನಾ ಕಟ್ಟಿಕೊಂಡ ಬಂದಾರ ಅನ್ರಿ" ಅಂದರು.

ಅವರ ಮಾತು ನನಗೆ ಈ ಇಡೀ ಕೆಲಸದ ಬೀಗದ ಕೈ ಆಯಿತು. ಮೊದಲು ದನ, ಮೊದಲು ಕಾಳು. ಅವಕ್ಕೆ ನೆರಳು ಮಾಡಿ, ಪಕ್ಕದಲ್ಲೇ ಎಲ್ಲೋ ಗುಡಿಸಲು ಹಾಕಿಕೊಂಡು, ಕೈಯಲ್ಲಿ ನಾಲ್ಕು ಕಾಸು ಸೇರಿದ ಮೇಲೆ ವಾಡೆ. ನಾವು ಚರಿತ್ರೆಯನ್ನು ವಾಡೆಯಿಂದ ಶುರು ಮಾಡುತ್ತೇವೆ, ಯಾಕಂದರೆ ಬೀದಿಗೆ ಕಾಣುವುದು ಅದೇ.

ಇದು ಒಂದು ಮನೆಯ ಮಾತಲ್ಲ. ನಮ್ಮ ಸೀಮೆಯ ಪುರಾತತ್ವವೇ ಒಂದರ್ಥದಲ್ಲಿ ದನದ ಹಟ್ಟಿಯಿಂದ ಶುರುವಾಗುತ್ತದೆ. ಬಳ್ಳಾರಿ ಹತ್ತಿರ ಕುಡತಿನಿಯಲ್ಲಿ, ಹಂಪಿ ಹತ್ತಿರ ನಿಂಬಾಪುರದಲ್ಲಿ ದೊಡ್ಡ ಬೂದಿದಿಬ್ಬಗಳಿವೆ. ನಿಂಬಾಪುರದ್ದನ್ನು ವಾಲಿಯನ್ನು ಸುಟ್ಟ ಬೂದಿ ಅಂತ ಜನ ಹೇಳುತ್ತಾ ಬಂದಿದ್ದಾರೆ. 19ನೇ ಶತಮಾನದಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಇದು ಸುಟ್ಟ ಸಗಣಿ ಎಂದು ಹೇಳಿದರು. ನಮ್ಮ ಹಳೆಯ ಬಂಡೆಗಳ ಗುಂಪಿಗೆ ಧಾರವಾಡದ ಹೆಸರಿಟ್ಟವರೂ ಇವರೇ. 1957ರಲ್ಲಿ ಪುರಾತತ್ವಜ್ಞ ರೇಮಂಡ್ ಆಲ್ಚಿನ್ ಈಗಿನ ತೆಲಂಗಾಣದ ಉಟ್ನೂರಿನಲ್ಲಿ ಇಂಥದೊಂದು ದಿಬ್ಬ ಅಗೆದರು. ಸುತ್ತ ಗೂಟ ನೆಟ್ಟ ಬೇಲಿಯ ಗುರುತು, ನಡುವೆ ಸುಟ್ಟ ಸಗಣಿಯ ಪದರುಗಳು, ದನದ ಗೊರಸಿನ ಅಚ್ಚು ಕೂಡ ಸಿಕ್ಕವು. ನಾಲ್ಕು ಸಾವಿರ ವರ್ಷಕ್ಕೂ ಹಿಂದಿನ ಹಟ್ಟಿ. ಆ ಜನ ಮಲಗಿದ ಗುಡಿಸಲು ಗಾಳಿಗೆ ಹೋಯಿತು. ದನ ಕಟ್ಟಿದ ಜಾಗ ಗುಡ್ಡವಾಗಿ ನಿಂತಿದೆ.

ಇತ್ತ ಹಾವೇರಿ ಜಿಲ್ಲೆಯ ಹಳ್ಳೂರಿಗೆ ಬನ್ನಿ. ತುಂಗಭದ್ರೆಯ ದಡದ ಊರು. 1965ರಲ್ಲಿ ಎಂ. ಎಸ್. ನಾಗರಾಜರಾವ್ ಅಲ್ಲಿ ಅಗೆದು, ನೂತನ ಶಿಲಾಯುಗದ ಪದರಿನ ಮೇಲೆ ಕಬ್ಬಿಣ ಬಂದ ಕಾಲದ ಪದರನ್ನು ತೋರಿಸಿದರು. ಅರಮನೆ ಅಲ್ಲ, ಗುಡಿ ಅಲ್ಲ. ಜನ ಬಾಳಿದ ನೆಲ, ಮಡಕೆ ಚೂರು, ಮೂಳೆ, ಕಾಳು. ದಕ್ಷಿಣ ಭಾರತದಲ್ಲಿ ಕಬ್ಬಿಣ ಯಾವಾಗ ಬಂತು ಅನ್ನುವ ಮಾತು ಎತ್ತಿದರೆ ಹಳ್ಳೂರಿನ ಹೆಸರು ಬಂದೇ ಬರುತ್ತದೆ. ಗದಗಿನ ಲಕ್ಕುಂಡಿಗೆ ಹೋದಾಗ ನಾನು ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬ್ರಹ್ಮಜಿನಾಲಯದ ಮುಂದೆ ಪ್ರತಿ ಸಲ ಕೈ ಮುಗಿಯುತ್ತೇನೆ. ಆದರೆ ಆ ಕಲ್ಲು ಎಳೆದ ಎತ್ತುಗಳನ್ನು ರಾತ್ರಿ ಎಲ್ಲಿ ಕಟ್ಟುತ್ತಿದ್ದರು ಅನ್ನುವುದೂ ನನಗೆ ಅಷ್ಟೇ ಬೇಕು.

ಧಾರವಾಡಕ್ಕೆ ಈ ವಿದ್ಯೆ ಹೊಸದೇನಲ್ಲ. ಕನ್ನಡ ಸಂಶೋಧನಾ ಸಂಸ್ಥೆ 1939ರಲ್ಲಿ ಇಲ್ಲೇ ಶುರುವಾಯಿತು. ಕೇಂದ್ರ ಪುರಾತತ್ವ ಇಲಾಖೆಯ ಧಾರವಾಡ ವಲಯದ ಕಚೇರಿ ಇಲ್ಲಿದೆ. ವಿಶ್ವವಿದ್ಯಾಲಯದಲ್ಲಿ ಶಾಸನ ಓದುವುದನ್ನು ಕಲಿಸುವ ವಿಭಾಗ ಇದೆ. ಇಷ್ಟೆಲ್ಲ ಇರುವ ಊರಿನಲ್ಲಿ ಒಂದು ಹಳೇ ಓಣಿಯ ಹಿತ್ತಲು ಅಳತೆಯೂ ಇಲ್ಲದೆ ಹೋಗಬಾರದು ಅಂತ ನನ್ನ ಹಟ.

ಹೊಟ್ಟಿನ ಕೋಣೆಯಲ್ಲಿ ನಾನು ಒಂದು ತಪ್ಪು ಮಾಡಿದೆ. ಅದನ್ನೂ ಹೇಳಬೇಕು. ಮಾಡಿನಿಂದ ಇಳಿಸಿದ ಹಂಚಿನ ಹಿಂಬದಿಯಲ್ಲಿ ಬಾಸೆಲ್ ಮಿಷನ್ ಮುದ್ರೆ, ಜೊತೆಗೆ 1865 ಎಂಬ ಅಂಕಿ ಇತ್ತು. ಖುಷಿಯಲ್ಲಿ ಟಿಪ್ಪಣಿ ಪುಸ್ತಕದಲ್ಲಿ "ಹೊಟ್ಟಿನ ಕೋಣೆ, 1865" ಅಂತ ಬರೆದುಬಿಟ್ಟೆ. ರಾತ್ರಿ ಮನೆಗೆ ಬಂದು ಯೋಚಿಸಿದಾಗ ಹೊಳೆಯಿತು. 1865 ಅಂದರೆ ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನ ಪ್ಲೆಬ್ಸ್ಟ್ ಅವರು ಹಂಚಿನ ಕಾರ್ಖಾನೆ ಶುರು ಮಾಡಿದ ವರ್ಷ. ಆ ಕಾರ್ಖಾನೆ ಆಮೇಲೆ ಎಷ್ಟೋ ದಶಕ ಅದೇ ಅಂಕಿ ಒತ್ತುತ್ತಾ ಹೋಯಿತು. ಆ ಹಂಚು ಹೇಳುವುದು ಒಂದೇ ಮಾತು: ಈ ಮಾಡು 1865ಕ್ಕಿಂತ ಹಳೆಯದಲ್ಲ. ಮಾಡು ಮಾತ್ರ, ಗೋಡೆ ಅಲ್ಲ. ಗೋಡೆ ಎಷ್ಟು ಹಳೆಯದಾದರೂ ಇರಬಹುದು, ಮಾಡು ಮೊನ್ನೆ ಬದಲಾಗಿರಬಹುದು. ಮರುದಿನ ಬೆಳಿಗ್ಗೆ ಮೊದಲ ಕೆಲಸ ಆ ಸಾಲು ಹೊಡೆದು ಹಾಕಿದ್ದು. ನಿಮ್ಮ ಮನೆಯಲ್ಲೂ ಅಂಥ ಹಂಚು ಇದ್ದರೆ ದಯವಿಟ್ಟು ಅದನ್ನೇ ಮನೆ ಕಟ್ಟಿದ ವರ್ಷ ಅಂದುಕೊಳ್ಳಬೇಡಿ.

ಹನ್ನೊಂದು ದಿನ ಮುಗಿಯಿತು. ಜೆಸಿಬಿ ಬಂತು. ಮುಂದಿನ ವಾಡೆ ಎರಡು ದಿನಕ್ಕೆ ನೆಲಸಮ. ಕಂಬಗಳಿಗೆ ಗುಂಡಿ ತೋಡುವಾಗ ಅಂಚಿನಲ್ಲಿ ನಿಂತು ನೋಡಲು ಕೆಲಸದವರು ಬಿಟ್ಟರು. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಅಗೆದಾಗ ಟ್ರೆಂಚಿನ ಗೋಡೆಗಳನ್ನು ಚಾಕುವಿನಿಂದ ಕೊರೆದ ಹಾಗೆ ನೆಟ್ಟಗೆ ಇಟ್ಟು, ಪದರು ಪದರಿಗೆ ಚೀಟಿ ಹಚ್ಚಿದ ಚಿತ್ರಗಳನ್ನು ನಾವು ತರಗತಿಯಲ್ಲಿ ನೋಡಿದ್ದೆವು. ಇಲ್ಲಿ ಜೆಸಿಬಿಯ ಹಲ್ಲು ಕೆರೆದ ಗುಂಡಿ. ಆದರೂ ಮಣ್ಣು ತನ್ನ ಕ್ರಮ ಬಿಟ್ಟಿರಲಿಲ್ಲ. ಮೇಲೆ ಇಟ್ಟಿಗೆ ಪುಡಿ, ಸಿಮೆಂಟು. ಅದರ ಕೆಳಗೆ ಕರಿ ಬೂದಿ, ಸಗಣಿ ಒಣಗಿ ಒತ್ತಿದ ಕಂದು ಪದರು, ನಡುನಡುವೆ ಸಾರಣೆಯ ತೆಳು ಗೆರೆಗಳು. ಅದಕ್ಕೂ ಕೆಳಗೆ ಗಟ್ಟಿ ಕೆಂಪು ಮಣ್ಣು, ಮನುಷ್ಯ ಮುಟ್ಟದ ನೆಲ.

ಹಿತ್ತಲಿನ ಎರಡನೇ ಗುಂಡಿಯಲ್ಲಿ ಆ ಕೆಂಪು ಮಣ್ಣಿನೊಳಗೆ ಒಂದು ಕರಿ ಆಕಾರ ಕಂಡಿತು. ಮೇಲೆ ಸಣ್ಣ ಬಾಯಿ, ಕೆಳಗೆ ಅಗಲ ಹೊಟ್ಟೆ. ನೆಲದಲ್ಲಿ ಹೂತ ಕೊಡವನ್ನು ಯಾರೋ ಉದ್ದಕ್ಕೆ ಸೀಳಿ ತೋರಿಸಿದ ಹಾಗೆ. ಜೆಸಿಬಿಯ ಹುಡುಗನೇ ಮೊದಲು ಕೂಗಿದ, "ಹಗೇವು ಐತ್ರೀ ಇದು!"

ಹೌದು, ಹಗೇವು. ಈ ಕಡೆಯವರಿಗೆ ವಿವರಿಸಬೇಕಿಲ್ಲ, ಆದರೆ ಹೊಸ ತಲೆಮಾರಿಗೆ ಹೇಳಲೇಬೇಕು. ಗಟ್ಟಿ ನೆಲದಲ್ಲಿ ಆಳ ತೋಡಿ, ತಳಕ್ಕೂ ಗೋಡೆಗೂ ಕಣಿಕೆ (ಜೋಳದ ಒಣ ದಂಟು), ಹೊಟ್ಟು ಹಚ್ಚಿ, ಜೋಳ ತುಂಬುತ್ತಿದ್ದರು. ಬಾಯಿಗೆ ಚಪ್ಪಡಿ ಮುಚ್ಚಿ ಮೇಲೆ ಮಣ್ಣು ಮೆತ್ತುತ್ತಿದ್ದರು. ಒಳಗಿನ ಕಾಳು ಉಸಿರಾಡಿ ಉಸಿರಾಡಿ ಇದ್ದ ಆಮ್ಲಜನಕವನ್ನು ಮುಗಿಸುತ್ತದೆ, ಇಂಗಾಲದ ಡೈಆಕ್ಸೈಡ್ ತುಂಬಿಕೊಳ್ಳುತ್ತದೆ. ಹುಳ ಬದುಕುವುದಿಲ್ಲ. ಔಷಧ ಬೇಡ, ಕರೆಂಟು ಬೇಡ, ವರ್ಷಗಟ್ಟಲೆ ಜೋಳ ಉಳಿಯುತ್ತಿತ್ತು. ಅದೇ ಕಾರಣಕ್ಕೆ ತೆರೆದ ಕೂಡಲೇ ಒಳಗೆ ಇಳಿದರೆ ಮನುಷ್ಯನೂ ಉಳಿಯುವುದಿಲ್ಲ. ಬಾಯಿ ತೆಗೆದು ಗಾಳಿಯಾಡಲು ಬಿಟ್ಟು, ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಸಿ ನೋಡುತ್ತಿದ್ದರು. ದೀಪ ಆರಿದರೆ ಇನ್ನೂ ಕಾಯಬೇಕು.

ಈ ಹಗೇವು ಬಹಳ ಹಿಂದೆಯೇ ಕೆಲಸ ನಿಲ್ಲಿಸಿ ಕಸದ ಗುಂಡಿ ಆಗಿತ್ತು. ಸಗಣಿಯ ಪದರುಗಳು ಅದರ ಬಾಯಿಯ ಮೇಲೆ ಹಾದು ಹೋಗಿದ್ದವು. ಅಂದರೆ ಹಗೇವು ಮುಚ್ಚಿದ ಮೇಲೆ ದನ ಆ ಜಾಗದಲ್ಲಿ ಓಡಾಡಿವೆ. ಹೊಟ್ಟೆಯಲ್ಲಿ ಬೂದಿ, ಗಾಜಿನ ಬಳೆ ಚೂರು, ಮುರಿದ ಚಿಲುಮೆ, ಕರಿ ಮಡಕೆಯ ಕಂಠ. ತಳಕ್ಕೆ ಅಂಟಿಕೊಂಡು ಒಂದು ಬಿಳಿ ಗೆರೆ, ಉಗುರಿನಷ್ಟು ದಪ್ಪ. ಬಗ್ಗಿ ನೋಡಿದರೆ ಎಳೆ ಎಳೆ. ಜೋಳದ ದಂಟಿನಲ್ಲಿ ಸಿಲಿಕಾ ಇರುತ್ತದೆ, ದಂಟು ಕೊಳೆತು ಹೋದರೂ ಅದು ಉಳಿಯುತ್ತದೆ. ಯಾರೋ ಒಬ್ಬರು ಒಳಗೆ ಇಳಿದು, ಮೊಳಕಾಲೂರಿ, ತಳಕ್ಕೆ ಕಣಿಕೆ ಹಾಸಿದ್ದರ ಗುರುತು ಅದು. ಊದಿದರೆ ಹಾರುತ್ತಿತ್ತು. ನಾನು ಉಸಿರು ಬಿಗಿಹಿಡಿದೇ ನೋಡಿದೆ.

ಊರ ನಡುವೆ ಮನೆ ಮನೆಗೆ ಕಾಳು ಹೂತಿಟ್ಟವರ ಭಯ ಸಣ್ಣದಲ್ಲ. ಇದೇ ಧಾರವಾಡದ ಕೋಟೆಗೆ 1790ರ ಸೆಪ್ಟೆಂಬರಿನಲ್ಲಿ ಪರಶುರಾಮ ಭಾವು ಪಟವರ್ಧನರ ಮರಾಠಾ ಸೈನ್ಯ ಮುತ್ತಿಗೆ ಹಾಕಿತು, ಜೊತೆಗೆ ಕ್ಯಾಪ್ಟನ್ ಲಿಟಲ್ ಅವರ ಇಂಗ್ಲಿಷ್ ಪಡೆ. ಒಳಗೆ ಟಿಪ್ಪುವಿನ ಕಡೆಯ ಬದ್ರುಜ್ಜಮಾನ್ ಖಾನ್. ಕೋಟೆ ಬಿದ್ದದ್ದು 1791ರ ಏಪ್ರಿಲ್‌ನಲ್ಲಿ. ಅದರ ಬೆನ್ನಿಗೇ ಜನ ಡೋಗಿ ಬರ ಅಂತ ಕರೆದ ಬರ. ಸತ್ತವರನ್ನು ಹೂಳುವವರಿಲ್ಲದೆ ತಲೆಬುರುಡೆಗಳು ಬಯಲಲ್ಲಿ ಬಿದ್ದಿದ್ದಕ್ಕೆ ಆ ಹೆಸರು. ಮುಂದೆ 1876–78ರ ದೊಡ್ಡ ಬರ. ಕಿಲ್ಲಾದ ಬಾಗಿಲು ಇವತ್ತಿಗೂ ನಿಂತಿದೆ, ಅದರ ಮುಂದೆ ನಿಂತು ಮುತ್ತಿಗೆಯ ಕಥೆ ಹೇಳುವವರೂ ಇದ್ದಾರೆ. ಹಸಿವಿನ ಕಥೆ ಹೇಳುವ ಕಟ್ಟಡ ಹಗೇವು. ಅದು ನೆಲದ ಕೆಳಗಿದೆ, ಮುಂದಿನ ಗುಂಡಿ ತೋಡಿದಾಗ ಇರುವುದಿಲ್ಲ.

ಓಣಿಯ ಜನ ದಿನಾ ಬಂದು ಕೇಳುವ ಪ್ರಶ್ನೆ ಒಂದೇ, "ನಿಧಿ ಸಿಕ್ತೇನ್ರೀ?" ನಿಧಿ ಸಿಕ್ಕರೆ ಸರ್ಕಾರಕ್ಕೆ ತಿಳಿಸಬೇಕು ಅಂತ 1878ರಲ್ಲೇ ಕಾಯ್ದೆ ಬಂದಿದೆ. ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರಿನಲ್ಲಿ ಹೊಸ ಕಟ್ಟಡ ಕಟ್ಟುವಂತಿಲ್ಲ, ಅದರಾಚೆ ಇನ್ನೂ 200 ಮೀಟರಿಗೆ ಅನುಮತಿ ಬೇಕು ಅಂತ 2010ರ ತಿದ್ದುಪಡಿ ಹೇಳುತ್ತದೆ. ಉಣಕಲ್ಲಿನ ಚಂದ್ರಮೌಳೇಶ್ವರ ಗುಡಿಯ ಸುತ್ತ ಇರುವವರಿಗೆ ಇದು ಚೆನ್ನಾಗಿ ಗೊತ್ತು. 1972ರ ಕಾಯ್ದೆಯ ಪ್ರಕಾರ ಕಟ್ಟಡದಿಂದ ಬೇರ್ಪಟ್ಟ, 100 ವರ್ಷ ದಾಟಿದ ತುಂಡು ಕೂಡ ಪುರಾವಸ್ತುವೇ. ಆದರೆ ಯಾವ ಪಟ್ಟಿಯಲ್ಲೂ ಇಲ್ಲದ ಒಂದು ಓಣಿಯ ಹಿತ್ತಲಿಗೆ ಇವುಗಳಲ್ಲಿ ಯಾವುದೂ ನೆರಳು ಕೊಡುವುದಿಲ್ಲ. ಎಲ್ಲ ಹಳೇ ಮನೆ ಉಳಿಸಿ ಅಂತ ನಾನು ಕೇಳುತ್ತಿಲ್ಲ. ಕೆಡಹುವ ಪರವಾನಗಿ ಕೊಡುವ ಮೊದಲು ಒಂದು ವಾರ ಅಳತೆ, ಫೋಟೋ, ನಕ್ಷೆಗೆ ಅಂತ ಇಟ್ಟರೆ ಸಾಕು. ಮತ್ತು ಆ ವಾರದಲ್ಲಿ ಹಿತ್ತಲಿನಿಂದ ಶುರು ಮಾಡಬೇಕು. ದೊಡ್ಡ ಬಾಗಿಲಿನ ಫೋಟೋ ಹೇಗೂ ಯಾರದೋ ಮದುವೆ ಆಲ್ಬಮ್ಮಿನಲ್ಲಿ ಇರುತ್ತದೆ. ಗೋದಲಿಯ ಮುಂದೆ ನಿಂತು ಯಾರು ಫೋಟೋ ತೆಗೆಸಿಕೊಂಡಿದ್ದಾರೆ?

ದನದ ಮನೆಯನ್ನು ಕೊನೆಯ ದಿನಕ್ಕೆ ಬಿಟ್ಟಿದ್ದರು. ಅವತ್ತು ಮನೆಯ ಅಜ್ಜಿ ಬಂದರು. ಎಂಬತ್ತು ದಾಟಿದ್ದಾರೆ, ಬೆನ್ನು ಇನ್ನೂ ನೆಟ್ಟಗಿದೆ. ನವಲಗುಂದ ಕಡೆಯಿಂದ ಹದಿನಾರನೇ ವಯಸ್ಸಿಗೆ ಈ ಮನೆಗೆ ಸೊಸೆಯಾಗಿ ಬಂದವರು. ಬಿದ್ದ ವಾಡೆಯ ಕಡೆ ತಿರುಗಿಯೂ ನೋಡಲಿಲ್ಲ. ಕಲ್ಲು ಮಣ್ಣು ದಾಟಿಕೊಂಡು ನೇರ ದನದ ಮನೆಗೆ ನಡೆದರು.

ಬಾಗಿಲ ಹತ್ತಿರ ಬಂದಾಗ ಸೀರೆಯ ನೆರಿಗೆ ಎಡಗೈಯಲ್ಲಿ ಎತ್ತಿ ಹಿಡಿದರು. ಸರಕ್ಕನೆ ತಲೆ ಬಾಗಿಸಿದರು. ಒಂದು ಮೆಟ್ಟಿಲು ಕೆಳಗಿಳಿದು, ಒಳಗೆ ಹೋಗಿ ಮತ್ತೆ ನೆಟ್ಟಗೆ ನಿಂತರು.

ಅಲ್ಲಿ ಚೌಕಟ್ಟು ಇರಲಿಲ್ಲ. ತಲೆಯ ಮೇಲೆ ಬರೀ ಆಕಾಶ.

ನಾವು ನಾಲ್ವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಹುಡುಗ ಆಗಲೇ ಟೇಪು ಕೈಗೆ ತೆಗೆದುಕೊಂಡಿದ್ದ. "ಅಜ್ಜಿ, ಇನ್ನೊಮ್ಮೆ ಹೊರಗ ಹೋಗಿ ಬರ್ತೀರೇನ್ರೀ?" ಅಂತ ಕೇಳಿದೆ. ಯಾಕೆ ಅಂತ ಅವರು ಕೇಳಲಿಲ್ಲ. ಹೊರಗೆ ಹೋದರು, ಬಂದರು, ಅದೇ ಜಾಗದಲ್ಲಿ ಅಷ್ಟೇ ಬಾಗಿದರು. ಹೊಸ್ತಿಲ ಕಲ್ಲಿನಿಂದ ಅವರ ನೆತ್ತಿಗೆ ನಾಲ್ಕು ಅಡಿ ಏಳು ಇಂಚು. ಗೆಳೆಯ ನಕ್ಷೆಯಲ್ಲಿ ಪ್ರಶ್ನೆ ಚಿಹ್ನೆ ಅಳಿಸಿ ಅಂಕಿ ಬರೆದ.

ಅಷ್ಟರಲ್ಲಿ ಅಜ್ಜಿ ಬಲಗಡೆ ಗೋಡೆಯ ಗೂಡಿನಲ್ಲಿ ಕೈ ಆಡಿಸುತ್ತಿದ್ದರು. "ಇಲ್ಲೇ ಚಿಮಣಿ ಇಡ್ತಿದ್ದೆ, ಹಾಲು ಹಿಂಡಾಕ ಬಂದಾಗ" ಅಂದರು. ಬೆರಳ ತುದಿಗೆ ಮಸಿ ಹತ್ತಿತ್ತು. ಅದನ್ನು ಒರೆಸಿಕೊಳ್ಳದೆ ಹಾಗೇ ಹಿಡಿದುಕೊಂಡು ನಿಂತರು.